ಅವನ ಕಾಗದ ಇಲ್ಲಿ, ನನ್ನ ಕಾಗದ ಅಲ್ಲಿ

ನಾನು ತೀರ್ಥಹಳ್ಳಿ ಕಡೆಯವಳು. ನನ್ನ ಗಂಡ ಜರ್ಮನಿಯವನು. ಮದುವೆಯಾದ ಮೇಲೆ ಮೊದಲು ಅವನು ನಮ್ಮ ಮನೆಗೆ ಬಂದು ನಾಲ್ಕು ವರ್ಷ ಇದ್ದ. ಆಮೇಲೆ ನಾನು ಅವನೂರಿಗೆ ಹೋದೆ. ಹಾಗಾಗಿ ಪರದೇಶದ ಗಂಡ ಅಥವಾ ಹೆಂಡತಿ ಅಂತ ಅರ್ಜಿ ಹಾಕುವ ಸಂಭ್ರಮ ನಮ್ಮಲ್ಲಿ ಎರಡು ಸಲ ನಡೆಯಿತು. ಈಗ ನೆಂಟರಲ್ಲಿ ಯಾರಿಗಾದರೂ ಇಂಥ ಸಂಬಂಧ ಕೂಡಿಬಂದರೆ ನನಗೇ ಫೋನ್ ಮಾಡುತ್ತಾರೆ. "ಎಲ್ಲಿ ಸುಲಭ ಮಾರಾಯ್ತಿ?"

ನಮ್ಮ ಕಡೆ ಮನೆಗಳ ಲೆಕ್ಕದಲ್ಲಿ ಹೇಳ್ತೀನಿ. ಭಾರತದಲ್ಲಿ ಜಗಲಿವರೆಗೆ ಬರೋದು ಸಲೀಸು, ಅಲ್ಲಿಂದ ಒಳಗೆ ಬಿಡೋದು ನಿಧಾನ. ಜರ್ಮನಿಯಲ್ಲಿ ಉಣುಗೋಲು, ಅಂದರೆ ಬೇಲಿಗೆ ಹಾಕಿದ ಗಳದ ಗೇಟು, ದಾಟೋದೇ ಕಷ್ಟ. ದಾಟಿದರೆ ಸೀದಾ ಅಡುಗೆಮನೆಗೆ ಹೋಗಬಹುದು.

ಎರಡಕ್ಕೂ ಬುಡ ಮದುವೆ ಪತ್ರ. ಅವನು ಹಿಂದೂ ಅಲ್ಲವಾದ್ದರಿಂದ ಹಿಂದೂ ವಿವಾಹ ಕಾಯ್ದೆ ನಮಗೆ ಬರಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯೇ ಗತಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು. ನಾನು ಮನೆಯಲ್ಲೇ ಇದ್ದೆ, ತೊಂದರೆಯಾಗಲಿಲ್ಲ. ಅವನು ತನಗೆ ಬೇರೆ ಮದುವೆ ಆಗಿಲ್ಲ ಅಂತ ಅವನೂರಿಂದ ಕಾಗದ ತಂದ. ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸ್ ಬೋರ್ಡಿನಲ್ಲಿ ಅಂಟಿರುತ್ತದೆ. ಪಹಣಿ, ಇ.ಸಿ. ಅಂತ ಆ ಕಚೇರಿಗೆ ಹೋದವರೆಲ್ಲ ಓದಿಕೊಂಡು ಬಂದರು. ಲಗ್ನಪತ್ರಿಕೆ ಹಂಚುವ ಖರ್ಚು ಉಳಿಯಿತು ಅಂದರು ಅಪ್ಪ. ಮೂರು ಸಾಕ್ಷಿಗಳ ಸಹಿ ಬಿದ್ದು ಪತ್ರ ಕೈಗೆ ಬಂದಾಗ 2018 ಮುಗಿಯುತ್ತಾ ಬಂದಿತ್ತು.

ಮೊದಲು ಅವನ ಕಥೆ. ಭಾರತೀಯರ ಗಂಡ ಅಥವಾ ಹೆಂಡತಿಗೆ ಸಿಗೋದು ಎಂಟ್ರಿ ವೀಸಾ, ಬಾಯಿಮಾತಿನಲ್ಲಿ ಎಕ್ಸ್ ವೀಸಾ. ಅದು ಸಿಗೋಕೆ ಭಾಷೆ ಪರೀಕ್ಷೆ ಇಲ್ಲ, ಸಂಬಳದ ಲೆಕ್ಕದ ಗೋಳಿಲ್ಲ. ಗೋಳು ಶುರುವಾಗಿದ್ದು ಬಂದಿಳಿದ ಮೇಲೆ. 180 ದಿನಕ್ಕಿಂತ ಜಾಸ್ತಿಯ ವೀಸಾ ಆದರೆ 14 ದಿನದೊಳಗೆ ನೋಂದಣಿ ಆಗಬೇಕು. ಬೆಂಗಳೂರಿನಲ್ಲಿ ಅದಕ್ಕೇ ಬೇರೆ ಕಚೇರಿ ಇದೆ, ನಮ್ಮಂಥ ಜಿಲ್ಲೆಗಳಲ್ಲಿ ಎಸ್‌ಪಿ ಅವರೇ ವಿದೇಶಿಯರ ನೋಂದಣಿ ಅಧಿಕಾರಿ. ಅರ್ಜಿ ಎಲ್ಲ ಆನ್‌ಲೈನ್. ಅದಲ್ಲದೆ ಮನೆಯಲ್ಲಿ ವಿದೇಶಿಯನ್ನು ಇಳಿಸಿಕೊಂಡವರು 24 ಗಂಟೆಯೊಳಗೆ ಆಗ ಸಿ ಫಾರಂ ತುಂಬಬೇಕಿತ್ತು. ಹೋಂಸ್ಟೇ ನಡೆಸುವವರಿಗೆ ಇದು ಗೊತ್ತಿರುತ್ತದೆ. ಸ್ವಂತ ಅಳಿಯನಿಗೂ ತುಂಬಬೇಕು ಅಂತ ನಮ್ಮಪ್ಪನಿಗೆ ಹೇಗೆ ಗೊತ್ತಾಗಬೇಕು?

ಅವನು ಬಂದಿದ್ದು ಜೂನ್ ಕೊನೆ ವಾರ. ನಮ್ಮಲ್ಲಿ ಜೂನ್ ಅಂದರೆ ಗೊತ್ತಲ್ವಾ. ಕರೆಂಟಿಲ್ಲ, ಟವರಿಲ್ಲ. ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು, ನಾನು ಕೊಡೆಯಡಿ ಮೊಬೈಲ್ ಹಿಡಿದುಕೊಂಡು ಮನೆ ಹಿಂದಿನ ಗುಡ್ಡ ಹತ್ತಿದೆವು. ಪಾಸ್‌ಪೋರ್ಟಿನ ಫೋಟೋ ಅರ್ಧ ಏರುವಷ್ಟರಲ್ಲಿ ಸಿಗ್ನಲ್ ಹೋಗುತ್ತಿತ್ತು. ನಾಲ್ಕನೇ ಸಲಕ್ಕೆ ಏರಿತು. ಕೆಳಗಿಳಿದು ನೋಡಿದರೆ ಅಪ್ಪನ ಕಾಲಲ್ಲಿ ಆರು ಇಂಬಳ (ಜಿಗಣೆ).

ನೋಂದಣಿ ಆಯಿತು. ಆದರೆ ಎಕ್ಸ್ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಸೇರಬೇಕಾದರೆ ಬೇರೆ ಅನುಮತಿ ಬೇಕು. ನನ್ನ ಗಂಡ ಮರಗೆಲಸದವನು, ಕೈ ಸುಮ್ನೆ ಇರೋದಿಲ್ಲ. ಊರವರ ಬಾಗಿಲು, ಅಟ್ಟದ ಏಣಿ, ದೇವರ ಮಂಟಪ ಎಲ್ಲ ರಿಪೇರಿ ಮಾಡಿಕೊಟ್ಟ. ದುಡ್ಡು ಮುಟ್ಟುವ ಹಾಗಿಲ್ಲ. ಮನೆ ತುಂಬ ಬಾಳೆಗೊನೆ ಬಂತು.

ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದ ಮೇಲೆ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಅನ್ನುವ ಕಾರ್ಡಿಗೆ ಅರ್ಜಿ ಹಾಕಿದೆವು. ಇಲ್ಲೇ ಹಾಕಿದರೆ 15,000 ರೂಪಾಯಿ. ವಿಚಾರಣೆಗೆ ಪೊಲೀಸರು ಮನೆಗೆ ಬಂದರು, ಕಾಫಿ ಕುಡಿದು, ಇವನ ಕನ್ನಡ ಕೇಳಿ ನಕ್ಕು ಹೋದರು. ಕಾರ್ಡ್ ಬಂದ ಮೇಲೆ ಅವನ ಬದುಕು ಹಗುರಾಯಿತು. ಜೀವಮಾನವಿಡೀ ವೀಸಾ ಬೇಡ, ನೋಂದಣಿ ಬೇಡ, ದುಡಿಯಬಹುದು. ವೋಟಿಲ್ಲ, ಅದಿರಲಿ. ನಮ್ಮ ಕಡೆಯವರಿಗೆ ಚುಚ್ಚುವ ವಿಷಯ ಬೇರೆ. ಒಸಿಐ ಇದ್ದವರು ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. 2020ರ ತಿದ್ದುಪಡಿ ಆದಮೇಲೆ ಕರ್ನಾಟಕದಲ್ಲಿ ರೈತರಲ್ಲದವರೂ ಜಮೀನು ಕೊಳ್ಳಬಹುದು. ಬೆಂಗಳೂರಿನವರು ಕಾರಿನಲ್ಲಿ ಬಂದು ತೋಟ ನೋಡಿಕೊಂಡು ಹೋಗುತ್ತಾರೆ. ನಾಲ್ಕು ಮಳೆಗಾಲ ನಮ್ಮ ಜೊತೆ ಕೊಳೆರೋಗಕ್ಕೆ ಔಷಧಿ ಹೊಡೆಸಿದ ಅಳಿಯನಿಗೆ ಹತ್ತು ಗುಂಟೆಯೂ ಇಲ್ಲ.

ಇನ್ನೊಂದು. ಮದುವೆಯಿಂದ ಬಂದ ಒಸಿಐ ಮದುವೆ ಮುರಿದರೆ ರದ್ದಾಗುತ್ತದೆ, ಹತ್ತು ವರ್ಷ ಆಗಿದ್ದರೂ ಅಷ್ಟೇ. ಜಗಳ ಆದಾಗ ನಾನು ಇದನ್ನು ನೆನಪಿಸುವುದುಂಟು. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದರೆ ಆಮೇಲೆ ಬೇರೆಯಾದರೂ ಇರುವ ಪರವಾನಗಿಗೆ ಸ್ವಂತ ಹಕ್ಕು ಬರುತ್ತದೆ. ಹೆಣ್ಣು ಕೊಡುವವರು ಇದನ್ನು ಕೇಳಿಟ್ಟುಕೊಂಡಿರಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ನನ್ನ ಸರದಿ. ಅತ್ತೆಗೆ ಆರೋಗ್ಯ ಸರಿಯಿಲ್ಲದೆ 2023ರಲ್ಲಿ ಹೊರಟೆವು. ಮೊದಲ ಉಣುಗೋಲು ಎ1 ಜರ್ಮನ್ ಪರೀಕ್ಷೆ, ಭಾಷೆಯ ಮೊದಲ ಮೆಟ್ಟಿಲು. ಒಂದು ತಮಾಷೆ ನೋಡಿ. ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಮೇಲೆ ಹೋಗುವ ಬೆಂಗಳೂರಿನ ಐಟಿ ಹುಡುಗನ ಹೆಂಡತಿಗೆ ಈ ಪರೀಕ್ಷೆ ಬೇಡ. ಜರ್ಮನ್ ಪ್ರಜೆಯನ್ನೇ ಮದುವೆಯಾದವಳಿಗೆ ಬೇಕು. ನೂರಕ್ಕೆ 60 ಬರಬೇಕು. ಮಾತಿನ ಭಾಗದಲ್ಲಿ ಹೆಸರು, ಊರು ಹೇಳಬೇಕು, ಕೇಳಿದ್ದನ್ನು ಅಕ್ಷರ ಬಿಡಿಸಿ ಹೇಳಬೇಕು. ಅವರು ನನ್ನ ಊರನ್ನೇ ಕೇಳಬೇಕಾ? ತೇ, ಹಾ, ಈ, ಎರ್, ತೇ, ಹಾ, ಆ, ಹಾ, ಆ, ಎಲ್, ಎಲ್, ಈ. ಹಿಂದಿನ ಒಂದು ತಿಂಗಳು ಅಡಿಕೆ ಸುಲಿಯುತ್ತಾ ಇದನ್ನೇ ಜಪ ಮಾಡಿದ್ದೆ. ಸುಲಿಯಲು ಬರುತ್ತಿದ್ದ ಹೆಂಗಸರಿಗೂ ಬಾಯಿಪಾಠ ಆಗಿತ್ತು.

ಎರಡನೆಯದು ಜನನ ಪತ್ರ. ನನ್ನದರಲ್ಲಿ ಹೆಸರೇ ಇರಲಿಲ್ಲ. ಅಪ್ಪನ ಹೆಸರು, ಅಮ್ಮನ ಹೆಸರು, ನನ್ನ ಜಾಗದಲ್ಲಿ 'ಹೆಣ್ಣು' ಅಂತ ಅಷ್ಟೇ. ಆ ಕಾಲದವರು ಈಗಲೇ ತೆಗೆದು ನೋಡಿಕೊಳ್ಳಿ. ನನಗೆ ಹೆಸರು ಬರೆಸೋಕೆ ಎರಡು ತಿಂಗಳು ಹಿಡಿಯಿತು.

ಮೂರನೆಯದರಲ್ಲಿ ನಾನು ಮೋಸಹೋದೆ. ಒಬ್ಬ ಏಜೆಂಟ್ ಅಪೊಸ್ಟೈಲ್ ಮುದ್ರೆ (ಕಾಗದ ಅಸಲಿ ಅಂತ ಬೇರೆ ದೇಶಗಳಿಗೆ ತೋರಿಸುವ ಸರಕಾರಿ ಮುದ್ರೆ) ಇಲ್ಲದೆ ಏನೂ ಆಗಲ್ಲ ಅಂತ ಎಲ್ಲ ಕಾಗದಕ್ಕೂ ದುಡ್ಡು ತಗೊಂಡ. ಆ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದ ಭಾರತಕ್ಕೆ ಜಾರಿಯಾದದ್ದು 2005ರಲ್ಲಿ. ಜರ್ಮನಿ ಅದಕ್ಕೆ ಆಕ್ಷೇಪ ಹಾಕಿತ್ತು, ನಮ್ಮ ಅಪೊಸ್ಟೈಲನ್ನು ಅದು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಬೇಕೆನಿಸಿದರೆ ಜರ್ಮನ್ ರಾಯಭಾರ ಕಚೇರಿಯವರೇ ವಕೀಲರನ್ನು ಕಳಿಸಿ ಮೂಲದಲ್ಲಿ ಪರಿಶೀಲಿಸುತ್ತಾರೆ, ಖರ್ಚು ನಮ್ಮದು, ತಿಂಗಳುಗಟ್ಟಲೆ ಕಾಯಬೇಕು. ಯಾರೋ ಬಂದು ಶಾಲೆಯ ದಾಖಲಾತಿ ಪುಸ್ತಕ ನೋಡಿಕೊಂಡು, ಪಕ್ಕದ ಮನೆಯಲ್ಲಿ ನಮ್ಮ ಬಗ್ಗೆ ವಿಚಾರಿಸಿ ಹೋದರಂತೆ. ನಾವು ಸಾಲ ಕಟ್ಟಿಲ್ಲ ಅಂತ ಕೇರಿಯಲ್ಲಿ ಸುದ್ದಿಯಾಯಿತು.

ಒಂದು ಸಮಾಧಾನ ಅಂದರೆ ಜರ್ಮನ್ ಪ್ರಜೆಯ ಹೆಂಡತಿ ಅಂತ ಹೋಗುವಾಗ ಇಷ್ಟೇ ಆದಾಯ ಇರಬೇಕು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ವರ್ಷಕ್ಕೆ 29,000 ಪೌಂಡ್ ತೋರಿಸಬೇಕು. ನಮ್ಮ ಬಡಗಿ ಬ್ರಿಟನ್ನಿನವನಾಗದೇ ಇದ್ದದ್ದು ಒಳ್ಳೆಯದಾಯಿತು.

ಅಲ್ಲಿ ಇಳಿದ ಮೇಲೆ ಎಲ್ಲ ಸರಸರ ಆಯಿತು. ಎರಡು ವಾರದೊಳಗೆ ವಿಳಾಸ ನೋಂದಣಿ, ಆಮೇಲೆ ಪರವಾನಗಿ ಕಾರ್ಡ್. ಮೊದಲ ದಿನದಿಂದಲೇ ಯಾವ ಕೆಲಸ ಬೇಕಾದರೂ ಮಾಡಬಹುದು. ನಾನು ಬೇಕರಿಗೆ ಸೇರಿದೆ. 600 ಗಂಟೆ ಭಾಷೆ, 100 ಗಂಟೆ ಅವರ ದೇಶದ ಪರಿಚಯದ ತರಗತಿ. ಮೂರು ವರ್ಷ ಆಗಿ ಬಿ1, ಅಂದರೆ ಎ1ಗಿಂತ ಎರಡು ಮೆಟ್ಟಿಲು ಮೇಲಿನ ಪರೀಕ್ಷೆ, ಪಾಸಾಗಿ ಉಳಿದ ಷರತ್ತುಗಳೂ ಸರಿಯಿದ್ದರೆ ಕಾಯಂ ವಾಸ. ಅಷ್ಟೇ ವರ್ಷಕ್ಕೆ ಪೌರತ್ವವನ್ನೂ ಕೇಳಬಹುದು. ಇವನಿಗೆ ನಮ್ಮಲ್ಲಿ ನಾಲ್ಕು ವರ್ಷದಲ್ಲಿ ಸಿಗದ ಸಲಿಗೆ ನನಗೆ ಅಲ್ಲಿ ನಾಲ್ಕು ವಾರದಲ್ಲಿ ಸಿಕ್ಕಿತು. ಉಣುಗೋಲಿನ ಹತ್ತಿರ ಮಾತ್ರ ಹನ್ನೊಂದು ತಿಂಗಳು ನಿಂತಿದ್ದೆ.

ಹೊಸ ಮದುವೆಯವರಿಗೆ ನನ್ನ ಸಲಹೆ ಇದು. ಜೇಬಲ್ಲಿ ದುಡ್ಡಿದ್ದು, ತಕ್ಷಣ ಒಟ್ಟಿಗೆ ಇರಬೇಕು ಅಂದರೆ ಅವರನ್ನು ಇಲ್ಲಿಗೆ ಕರೆಸಿ. ಇಬ್ಬರೂ ದುಡಿಯಲೇಬೇಕು ಅಂದರೆ ನೀವು ಅಲ್ಲಿಗೆ ಹೋಗಿ, ಎ1 ತಯಾರಿ ನಿಶ್ಚಿತಾರ್ಥದ ಮರುದಿನವೇ ಶುರು ಮಾಡಿ.

ಪೌರತ್ವದ ಫಾರಂ ನನ್ನ ಮೇಜಿನ ಮೇಲಿದೆ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ. ಭಾರತ ಒಪ್ಪುವುದಿಲ್ಲ. ಸಹಿ ಹಾಕಿ ಅದು ಕೈಗೆ ಬಂದರೆ ನಾನೂ ಒಸಿಐ ಆಗುತ್ತೇನೆ. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬರಬಹುದು, ಆದರೆ ಹೊಸದಾಗಿ ಒಂದು ಗುಂಟೆ ಕೊಳ್ಳೋಕಾಗಲ್ಲ. ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಹೊಳೆ ಬದಿಯ ಪಕ್ಕದವರ ಮುಕ್ಕಾಲು ಎಕರೆ ಮಾರಾಟಕ್ಕಿದೆಯಂತೆ, ನಮ್ಮ ತೋಟಕ್ಕೆ ಅಂಟಿಕೊಂಡೇ ಇರುವುದು. "ಅಳಿಯಂದಿರ ಹೆಸರಿಗಂತೂ ಆಗಲ್ಲ, ನಿನ್ನ ಹೆಸರಿಗೆ ಆಗುತ್ತಲ್ಲ ಮಗಾ?" ಅಂದರು. ಆಗಲ್ಲ ಅಪ್ಪಯ್ಯ, ಪರದೇಶದಲ್ಲಿ ನೆಲೆಸಿರುವಷ್ಟು ದಿನ ನನ್ನ ಹೆಸರಿಗೂ ಆಗಲ್ಲ ಅಂದೆ.