ಹೊಗೆ ಹದವಾಗಲಿ ಅಂತ ಡ್ರಮ್ಮಿನ ಗಾಳಿಗಂಡಿ ಮುಚ್ಚಬೇಡಿ

ಇದ್ದಿಲಿನ ಡ್ರಮ್ ಕುಕ್ಕರಿನಲ್ಲಿ, ಅಂದರೆ ಬುಡದಲ್ಲಿ ಕೆಂಡದ ಬುಟ್ಟಿ ಇರುವ ಡ್ರಮ್ಮಿನಲ್ಲಿ, ಕೋಳಿ ತೂಗುಹಾಕಿ ಬೇಯಿಸುವವರ ದೂರು ಸಾಮಾನ್ಯವಾಗಿ ಒಂದೇ: ಮಾಂಸ ರಸವತ್ತಾಗಿರುತ್ತೆ, ಹೊಗೆ ಮಾತ್ರ ತುಸು ಜಾಸ್ತಿ. ಆ ತುಸುವನ್ನು ಇಳಿಸಲು ಹೊರಟವರು ಮಾಡುವ ಕೆಲಸಗಳು ಮೂರು. ಕೆಳಗಿನ ಗಾಳಿಗಂಡಿಗಳನ್ನು ಮುಕ್ಕಾಲು ಪಾಲು ಮುಚ್ಚುತ್ತಾರೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕದಿರಲಿ ಅಂತ ಕೆಂಡಕ್ಕೂ ಕೋಳಿಗೂ ನಡುವೆ ಕೈಗೆ ಸಿಕ್ಕ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಗಡನ್ನು ದುಂಡಗೆ ಕತ್ತರಿಸಿ ಇಡುತ್ತಾರೆ. ಹೊಗೆಗೆಂದು ಕೆಂಡಕ್ಕೆ ಹಾಕುವ ಮರದ ಚೂರು ನಿಧಾನಕ್ಕೆ ಉರಿಯಲಿ ಅಂತ ನೀರಲ್ಲಿ ನೆನೆಸುತ್ತಾರೆ. ಕೇಳಲು ಮೂರೂ ಸರಿ ಅನ್ನಿಸುತ್ತವೆ, ಮೂರೂ ತಪ್ಪು.

ಮೂರನ್ನೂ ಒಟ್ಟಿಗೆ ಮಾಡಿದ 200 ಲೀಟರಿನ ಒಂದು ಡ್ರಮ್ಮಿನಲ್ಲಿ ಆದದ್ದು ಇಷ್ಟು. ಎರಡು ಕೋಳಿ, ಸೀಳಿ ನಾಲ್ಕು ಹೋಳು. ಮುಕ್ಕಾಲು ಗಂಟೆಯಲ್ಲಿ ಒಳಗಿನ ಶಾಖ 150 ಡಿಗ್ರಿಯಿಂದ 105ಕ್ಕೆ ಇಳಿಯಿತು. ಮುಚ್ಚಳದ ತೂತಿನಿಂದ ಬೆಳ್ಳಗಿನ ದಟ್ಟ ಹೊಗೆ, ಮೇಲೇರದೆ ಡ್ರಮ್ಮಿನ ಮೈಗೇ ಹತ್ತಿಕೊಂಡು ಕೆಳಗಿಳಿಯುವಂಥದ್ದು. ಎರಡೂವರೆ ಗಂಟೆ ಕಳೆದರೂ ಎದೆಯ ಮಾಂಸ 63 ಡಿಗ್ರಿ ದಾಟಲಿಲ್ಲ. ಏನಾಗಿದೆ ನೋಡೋಣ ಅಂತ ಮುಚ್ಚಳ ಎತ್ತಿದ್ದೇ ತಡ, ತಗಡಿನ ಮೇಲೆ ನಿಂತಿದ್ದ ಕೊಬ್ಬು ಭಗ್ಗನೆ ಹೊತ್ತಿ ಎರಡು ಹೋಳಿನ ಕಾಲು ಕರಿಕಾಯಿತು. ಉಳಿದೆರಡರ ಚರ್ಮ ಬೆರಳಿಗೆ ಅಂಟುವಷ್ಟು ಜಿಗುಟು; ಒಂದು ತುಂಡು ಬಾಯಿಗಿಟ್ಟರೆ ಕಹಿ, ಮೇಲೆ ನಾಲಿಗೆಯ ತುದಿ ಮರಗಟ್ಟಿದ ಹಾಗೆ. ಡ್ರಮ್ ತಣಿದ ಮೇಲೆ ತಗಡಿನ ಅಂಚಿನಲ್ಲಿ ಹತ್ತಿಯಂಥ ಬಿಳಿ ಪುಡಿ ಕೂತಿತ್ತು.

ಮೊದಲು ಆ ಬಿಳಿ ಪುಡಿಯ ವಿಚಾರ. ಅದು ಬೂದಿಯಲ್ಲ, ಸತುವಿನ ಆಕ್ಸೈಡ್. ಜಿ.ಐ. ತಗಡಿನ ಲೇಪ ಸತು. 419 ಡಿಗ್ರಿಗೆಲ್ಲ ಕರಗುತ್ತದೆ. ಗಾಳಿ ಸಿಕ್ಕ ಇದ್ದಿಲಿನ ಕೆಂಡ ಅದಕ್ಕಿಂತ ಎಷ್ಟೋ ಬಿಸಿ, ಹೊತ್ತಿದ ಕೊಬ್ಬೂ ಅಷ್ಟೇ. ಸತುವಿನ ಹೊಗೆ ಉಸಿರಿಗೆ ಹೋದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ನಡುವೆ ಇಡುವ ತಗಡಿನ ತಟ್ಟೆಯಷ್ಟೇ ಅಲ್ಲ, ಕೆಂಡದ ಬುಟ್ಟಿಗೆ ಜಿ.ಐ. ಜಾಲರಿ ಬಳಸುವುದು ಇನ್ನೂ ಕೆಟ್ಟದ್ದು, ಅದು ಕೆಂಡದೊಳಗೇ ಕೂತಿರುತ್ತದೆ. ಅಂಗಡಿಯಲ್ಲಿ ಸಿಗುವ ಹೊಳೆಯುವ ಬೋಲ್ಟು, ಸರಳು, ಸರಪಳಿಗಳಿಗೂ ಬಹುಪಾಲು ಸತುವಿನ ಲೇಪ ಇರುತ್ತದೆ. ಒಳಗೆ ಹೋಗುವುದೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಇಲ್ಲವೇ ಲೇಪವಿಲ್ಲದ ಬರಿ ಕಬ್ಬಿಣ.

ಈಗ ಗಾಳಿ. ಕಹಿಗೆ ಕಾರಣ ಹೊಗೆ ಹೆಚ್ಚಾದದ್ದಲ್ಲ, ಹೊಗೆ ಅರೆಬೆಂದದ್ದು. ಗಾಳಿ ಸಾಲದಿದ್ದರೆ ಮರ ಉರಿಯುವುದಿಲ್ಲ, ಮುಸುಗುಡುತ್ತದೆ; ಉರಿಯದೆ ಉಳಿದ ಟಾರಿನಂಥ ಅಂಶಗಳು ತಣ್ಣಗಿನ ಒದ್ದೆ ಚರ್ಮಕ್ಕೆ ಹೋಗಿ ಮೆತ್ತಿಕೊಳ್ಳುತ್ತವೆ. ನಾಲಿಗೆ ಮರಗಟ್ಟಿಸುವುದು ಅದೇ ಕ್ರಿಯೋಸೋಟ್. ಹಾಗಾಗಿ ಮೆದು ಹೊಗೆ ಬೇಕಾದರೆ ಬೆಂಕಿ ಚಿಕ್ಕದಿರಬೇಕು, ಆದರೆ ಚುರುಕಾಗಿರಬೇಕು. ಶಾಖವನ್ನು ಗಂಡಿ ಮುಚ್ಚಿ ಅಲ್ಲ, ಇದ್ದಿಲಿನ ಅಳತೆಯಿಂದ ಹಿಡಿಯಿರಿ. ನಾಲ್ಕು ಹೋಳಿಗೆ ಒಂದೂವರೆ ಕಿಲೋ ಬ್ರಿಕೆಟ್ (ಇದ್ದಿಲ ಪುಡಿ ಒತ್ತಿ ಮಾಡಿದ ಉಂಡೆ), ಅಂದರೆ ಸುಮಾರು 60 ಉಂಡೆ. ಇದ್ದಿಲು ಹೊತ್ತಿಸುವ ಕೊಳವೆಯಂಥ ಡಬ್ಬಿಯಲ್ಲಿ, ಅಂದರೆ ಚಿಮಣಿಯಲ್ಲಿ, 15ರಿಂದ 20 ನಿಮಿಷ ಹೊತ್ತಿಸಿ, ಮೇಲಿನ ಉಂಡೆಗಳ ಅಂಚೂ ಬೂದಿಗಟ್ಟಿದ ಮೇಲೆ ಬುಟ್ಟಿಗೆ ಸುರಿಯಿರಿ. ತಣ್ಣನೆಯ ಇದ್ದಿಲಿನ ಮೇಲೆ ನಾಲ್ಕು ಕೆಂಡ ಹಾಕಿ ನಿಧಾನಕ್ಕೆ ಹರಡಲು ಬಿಡುವ ಕ್ರಮ ಹತ್ತು ಗಂಟೆ ಬೇಯುವ ದೊಡ್ಡ ಮಾಂಸಕ್ಕೆ ಸರಿ. ಒಂದೂವರೆ ಗಂಟೆಯ ಕೋಳಿಗೆ ಅದು ಹಸಿ ಹೊಗೆ ತಿನ್ನಿಸುವ ಕೆಲಸ. ಸೀಮೆಎಣ್ಣೆಯಂಥ ದ್ರವ ಸವರಿದ 'ತಕ್ಷಣ ಹೊತ್ತುವ' ಉಂಡೆಗಳು ಬೇಡವೇ ಬೇಡ.

ಗಂಡಿಗಳ ಲೆಕ್ಕ ಸುಲಭ: ಒಳಗೆ ಬರುವ ದಾರಿಗಿಂತ ಹೊರಗೆ ಹೋಗುವ ದಾರಿ ಕಿರಿದಾಗಬಾರದು. ಬುಡದಲ್ಲಿ 25 ಮಿ.ಮೀ. ವ್ಯಾಸದ ನಾಲ್ಕು ತೂತು ಇದ್ದರೆ ಅವುಗಳ ಒಟ್ಟು ವಿಸ್ತೀರ್ಣ ಮುಚ್ಚಳದ 50 ಮಿ.ಮೀ. ವ್ಯಾಸದ ಒಂದು ತೂತಿಗೆ ಸಮ. ಮೇಲಿನದನ್ನು ಯಾವತ್ತೂ ಪೂರ್ತಿ ತೆರೆದೇ ಇಡಿ, ಸಣ್ಣಪುಟ್ಟ ಹತೋಟಿ ಏನಿದ್ದರೂ ಕೆಳಗೆ. ನಡುವೆ ತಟ್ಟೆ ಕೂತ ಮೇಲೆ ಗಾಳಿಯ ಓಟಕ್ಕೆ ಅಡ್ಡಿ ಇರುವುದರಿಂದ ಕೆಳಗಂಡಿಯನ್ನು ಮೊದಲಿಗಿಂತ ಹೆಚ್ಚು ತೆರೆಯಬೇಕಾಗುತ್ತದೆ. ಬಹುತೇಕರು ಎಡವುವುದು ಇಲ್ಲೇ.

ತಟ್ಟೆ ಬೇಕೇ ಬೇಡವೇ? ಬೇಕು, ಅಳತೆ ಸರಿಯಿದ್ದರೆ. ಡ್ರಮ್ಮಿನ ಆ ಖಾರ ವಾಸನೆಯಲ್ಲಿ ದೊಡ್ಡ ಪಾಲು ಮರದ್ದಲ್ಲ, ಕೆಂಡದ ಮೇಲೆ ನೇರ ತೊಟ್ಟಿಕ್ಕಿ ಸುಡುವ ಕೊಬ್ಬಿನದು. 57 ಸೆಂ.ಮೀ. ಒಳವ್ಯಾಸದ ಡ್ರಮ್ಮಿಗೆ 40 ಸೆಂ.ಮೀ. ತಟ್ಟೆ ಸಾಕು, ಸುತ್ತಲೂ ಎಂಟೂವರೆ ಸೆಂ.ಮೀ. ಸಂದು ಉಳಿಯುತ್ತದೆ. 50 ಸೆಂ.ಮೀ. ತಟ್ಟೆ ಇಟ್ಟವರ ಕೆಂಡ ಉಸಿರುಕಟ್ಟಿ ಸಾಯುತ್ತದೆ. ಬುಡದಿಂದ 30 ಸೆಂ.ಮೀ. ಎತ್ತರದಲ್ಲಿ ಡ್ರಮ್ಮಿನ ಗೋಡೆಗೆ ಮೂರು ಕಡೆ 8 ಮಿ.ಮೀ. ದಪ್ಪದ, 12 ಸೆಂ.ಮೀ. ಒಳಚಾಚುವ ಸ್ಟೇನ್‌ಲೆಸ್ ಬೋಲ್ಟು ಹಾಕಿ, ತಟ್ಟೆ ಅದರ ಮೇಲೆ ಕೂರಲಿ. ಕೆಂಡದ ಬುಟ್ಟಿಯ ಅಗಲ 30 ಸೆಂ.ಮೀ. ಮೀರದಿರಲಿ, ಮೀರಿದರೆ ಬೋಲ್ಟುಗಳ ನಡುವೆ ಇಳಿಯುವುದೇ ಇಲ್ಲ, ಇದು ಎಲ್ಲ ತೂತು ಕೊರೆದಾದ ಮೇಲೆ ಹೊಳೆಯುವ ಸತ್ಯ.

ಒಂಟಿ ತಟ್ಟೆ ಕೆಂಡದ ಮೇಲೆ ಕಾದು ಬಾಣಲೆಯಾಗುತ್ತದೆ. ಕೋಳಿಕೊಬ್ಬು 190 ಡಿಗ್ರಿ ಹತ್ತಿರ ಹೊಗೆಯಾಡತೊಡಗುತ್ತದೆ, ಆಮೇಲೆ ಹೊತ್ತುತ್ತದೆ. ಆದ್ದರಿಂದ ಎರಡು ತಟ್ಟೆ ಇಡಿ, ನಡುವೆ ಮೂರು ಸ್ಟೇನ್‌ಲೆಸ್ ನಟ್ಟು ಇಟ್ಟು ಒಂದು ಸೆಂ.ಮೀ. ಗಾಳಿಸಂದು ಬಿಡಿ. ಮೇಲಿನದಕ್ಕೆ ಎರಡು ಬೆರಳು ಎತ್ತರದ ಅಂಚು ಇರಲಿ. ನೀರು ತುಂಬಿಸುವವರೂ ಇದ್ದಾರೆ. ಕೊಬ್ಬು ಸುಡುವುದಿಲ್ಲ ನಿಜ, ಆದರೆ ಹಬೆಗೆ ಚರ್ಮ ರಬ್ಬರಾಗುತ್ತದೆ, ನೀರು ಇಂಗಿದ ಗಳಿಗೆಯಿಂದ ಕಥೆ ಮತ್ತೆ ಮೊದಲಿಗೆ. ಇನ್ನೊಂದು ಮಾತು: ತೊಟ್ಟಿಕ್ಕುವುದನ್ನು ಪೂರ್ತಿ ತಡೆದರೆ ಅದು ಓವನ್ನಿನ ಕೋಳಿ. ಸ್ವಲ್ಪ ಡ್ರಮ್ಮಿನ ಗುಣ ಉಳಿಯಬೇಕೆನ್ನುವವರು 25 ಸೆಂ.ಮೀ. ತಟ್ಟೆಯಿಂದ ಶುರು ಮಾಡುವುದು ಮೇಲು. ಆಗ ಬೋಲ್ಟಿನ ಬದಲು ಕಬ್ಬಿಣದ ಎರಡು ಸರಳು ಅಡ್ಡ ಹಾಕಿ.

ಮರ: ಮುಷ್ಟಿ ಗಾತ್ರದ ಒಣಗಿದ ತುಂಡು ಒಂದೇ ಒಂದು. ನೆನೆಸಿದರೆ ಮೊದಲು ಹಬೆ, ಆಮೇಲೆ ಬಿಳಿ ಹೊಗೆ, ಲಾಭ ಸೊನ್ನೆ. ಹೊಗೆ ಕಂಡೂ ಕಾಣದ ನೀಲಿಗೆ ತಿರುಗಿದ ಮೇಲೆಯೇ ಕೋಳಿ ಇಳಿಬಿಡಿ.

ತಟ್ಟೆಯಿದ್ದ ಡ್ರಮ್ಮಿನಲ್ಲಿ ಬಿಸಿ ಗಾಳಿ ಗೋಡೆಗುಂಟ ಏರುತ್ತದೆ. ಹೋಳುಗಳನ್ನು ನಡುವಿಗೆ ತನ್ನಿ, ಇಲ್ಲದಿದ್ದರೆ ಗೋಡೆಯ ಕಡೆ ಸೀದು ಒಳಮೈ ಬಿಳಿಚಿರುತ್ತದೆ. ಕೊಕ್ಕೆ ಎದೆಯ ದಪ್ಪ ಭಾಗಕ್ಕೆ ಎರಡು ಚುಚ್ಚಿ, ಕಾಲು ಕೆಳಗಿರಲಿ. ಕಾಲಿಗೆ ಚುಚ್ಚಿದರೆ ಬೆಂದಂತೆಲ್ಲ ಕೀಲು ಸಡಿಲಿ ಕೋಳಿ ಕೆಂಡದ ಪಾಲು. ಒಳಗೆ 150ರಿಂದ 165 ಡಿಗ್ರಿ ಇರಲಿ. ಎದೆ 74, ತೊಡೆ 80 ದಾಟಬೇಕು. ಬಣ್ಣ ನೋಡಿ ತೀರ್ಮಾನಿಸಬೇಡಿ: ಹೊಗೆ ತಿಂದ ಮಾಂಸ ಪೂರ್ತಿ ಬೆಂದರೂ ಮೂಳೆಯ ಹತ್ತಿರ ಗುಲಾಬಿಯಾಗಿರಬಹುದು, ಮತ್ತೆ 105 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕೂತ ಕೋಳಿ ಹೊರಗೆ ಕಂದಿ ಒಳಗೆ ಹಸಿಯಿರಬಹುದು.

ಮುಚ್ಚಳ ತೆಗೆಯುವಾಗ ಮುಖ ದೂರ ಇಟ್ಟು, ಆಚೆ ಬದಿಯ ಅಂಚನ್ನು ಎರಡು ಬೆರಳಷ್ಟು ಎತ್ತಿ ಐದಾರು ಸೆಕೆಂಡು ಹಿಡಿದು, ಆಮೇಲೆ ಪೂರ್ತಿ ಎತ್ತಿ. ಒಳಗೆ ಕೊಬ್ಬು ಹೊತ್ತಿದರೆ ನೀರು ಎರಚಬಾರದು. ಮುಚ್ಚಳ ಹಾಕಿ, ಮೇಲಿನ ಕೆಳಗಿನ ಗಂಡಿಗಳನ್ನೆಲ್ಲ ಮುಚ್ಚಿ ಕಾಯಿರಿ. ಗಂಡಿಗಳನ್ನು ಪೂರ್ತಿ ಮುಚ್ಚಬೇಕಾದ ಸಂದರ್ಭ ಅದೊಂದೇ, ಅಡುಗೆ ಮುಗಿಸಿ ಕೆಂಡ ನಂದಿಸುವುದನ್ನು ಬಿಟ್ಟರೆ. ನಂದುತ್ತಿರುವ ಕೆಂಡ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತಲೇ ಇರುತ್ತದೆ, ಡ್ರಮ್ಮನ್ನು ಮನೆಯೊಳಗೋ ಶೆಡ್ಡಿನೊಳಗೋ ತಳ್ಳಬೇಡಿ.

ಒಮ್ಮೆ ಕ್ರಿಯೋಸೋಟ್ ಹಿಡಿದ ಡ್ರಮ್ಮಿನಲ್ಲಿ ಮುಂದಿನ ಕೋಳಿಯನ್ನು ಹಾಗೇ ಹಾಕಬೇಡಿ. ಎಲ್ಲ ಗಂಡಿ ತೆರೆದು ಖಾಲಿ ಡ್ರಮ್ಮನ್ನು ಒಂದು ಗಂಟೆ ಜೋರಾಗಿ ಉರಿಸಿ, ತಣಿದ ಮೇಲೆ ಮುಚ್ಚಳದ ಒಳಮೈಯನ್ನು ಮರದ ಪಟ್ಟಿಯಿಂದ ಕೆರೆಯಿರಿ. ಅಲ್ಲಿಂದ ಉದುರುವ ಕರಿ ಹೊಪ್ಪಳೆ ಮೇಲುಬಣ್ಣದಂತೆ ಕಾಣುತ್ತದೆ, ಅದು ಕಳೆದ ಸಲದ ಹೊಗೆ.