ಹಿಕರಿ ಗಾಲ್ಫ್ ಕ್ಲಬ್ಬಿಗೆ ಯಾವ ಚೆಂಡು? ಗಟ್ಟಿ, ಮೆತ್ತನೆ, ಹಳೇ ಮಾದರಿ

1920ರ ದಶಕದ ಹಿಕರಿ ಮರದ ಶಾಫ್ಟ್ (ದಂಡ) ಇರುವ ಗಾಲ್ಫ್ ಕ್ಲಬ್ಬುಗಳಿಗೆ ಮೆತ್ತನೆಯ ಎರಡು ಪದರದ ಚೆಂಡೇ ಸರಿ. ಕ್ಯಾಲವೇ ಸೂಪರ್‌ಸಾಫ್ಟ್ ಇರಲಿ, ವಿಲ್ಸನ್ ಡ್ಯುಯೊ ಸಾಫ್ಟ್ ಇರಲಿ, ಎರಡೂ ನಡೆಯುತ್ತವೆ. ಇವುಗಳ ಕಂಪ್ರೆಶನ್, ಅಂದರೆ ಒತ್ತಿದರೆ ಎಷ್ಟು ಗಟ್ಟಿ ಎಂಬ ಅಳತೆ, 40ರ ಆಸುಪಾಸು; ವೃತ್ತಿಪರ ಟೂರ್ ಆಟಗಾರರ ಗಟ್ಟಿ ಚೆಂಡುಗಳದ್ದು ಸುಮಾರು 90 ಮತ್ತು ಅದಕ್ಕೂ ಮೇಲೆ. ಕಂಪ್ರೆಶನ್ ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದೇ ಪದ್ಧತಿ ಇಲ್ಲ, ಆದರೂ ಇಷ್ಟು ದೊಡ್ಡ ಅಂತರ ಕೈಗೇ ಗೊತ್ತಾಗುತ್ತದೆ.

ಟೂರ್ ದರ್ಜೆಯ ಚೆಂಡಿನ ಆಸೆ ಹುಟ್ಟುವುದು ರಂಧ್ರದ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ. ಅದರ ಯುರೆಥೇನ್ ಹೊದಿಕೆ ಕಚ್ಚಿ ನಿಲ್ಲುತ್ತದೆ, ಚೆಂಡನ್ನು ಎತ್ತರಕ್ಕೆ ಏರಿಸುವ ನಿಬ್ಲಿಕ್ ಎಂಬ ಹಳೇ ಕ್ಲಬ್‌ನಿಂದ ಎತ್ತಿ ಹೊಡೆದರೆ ಬಿದ್ದಲ್ಲೇ ಕೂರುತ್ತದೆ. ತೊಂದರೆ ಇರುವುದು ಕ್ಲಬ್ಬಿನ ಕಡೆ. ಚೆಂಡು ಕ್ಲಬ್ಬಿನ ಮೂತಿಗೆ ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಗಟ್ಟಿ ಚೆಂಡು ಕಡಿಮೆ ಚಪ್ಪಟೆಯಾಗುವುದರಿಂದ ಆ ಹೊತ್ತು ಇನ್ನೂ ಕಿರಿದಾಗುತ್ತದೆ, ಅದೇ ಹೊಡೆತದ ಒತ್ತಡದ ತುದಿ ಮೇಲೇರುತ್ತದೆ. ಉಕ್ಕಿನ ಶಾಫ್ಟಿಗೆ ಅದು ಲೆಕ್ಕಕ್ಕಿಲ್ಲ. ನೂರು ವರ್ಷದ ಹಿಕರಿಯಲ್ಲಿ ಪೆಟ್ಟು ಹೋಗಿ ಕೂರುವುದು ಶಾಫ್ಟ್ ಹೆಡ್ಡಿನೊಳಗೆ ಇಳಿಯುವ ಕೊಳವೆಯಲ್ಲಿ. ಚೆಂಡು ಮೂತಿಯ ನಡುವಿಗೆ ಸಿಗದಿದ್ದರೆ ಹೆಡ್ ತಿರುಚಿಕೊಳ್ಳುತ್ತದೆ, ಆ ತಿರುಚೂ ಅದೇ ಜೋಡಣೆಗೆ ಬೀಳುತ್ತದೆ.

ಹೆಡ್ ಸಡಿಲವಾದದ್ದು ಮೊದಲಿಗೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಒಂದು ಕೈಯಲ್ಲಿ ಹೆಡ್, ಇನ್ನೊಂದರಲ್ಲಿ ಹಿಡಿಕೆಯ ಹತ್ತಿರದ ಶಾಫ್ಟ್ ಹಿಡಿದು ಎದುರುಬದುರಾಗಿ ತಿರುಗಿಸಿ. ಟಿಕ್ ಎಂದರೆ ಒಳಗಿನ ಹಳೇ ಅಂಟು ಪುಡಿಯಾಗಿದೆ ಎಂದೇ ಅರ್ಥ. ಅಲ್ಲಿಂದ ಮುಂದೆ ಇಡೀ ಪೆಟ್ಟನ್ನು ಕೊಳವೆಗೆ ಅಡ್ಡಲಾಗಿ ಹೊಡೆದ ಸಣ್ಣ ಮೊಳೆಯೊಂದೇ ಹೊರಬೇಕು. ಮೊಳೆಯ ತೂತು ದಿನೇ ದಿನೇ ಅಗಲವಾಗಿ, ಕಡೆಗೆ ಶಾಫ್ಟ್ ಅಲ್ಲೇ ಸೀಳುತ್ತದೆ.

ಸೀಳುವ ಮೊದಲೇ ಹಿಡಿದರೆ ಸರಿಮಾಡಬಹುದು. ಸಣ್ಣ ಪಂಚಿನಿಂದ ಮೊಳೆಯನ್ನು ಇನ್ನೊಂದು ಬದಿಗೆ ತಳ್ಳಿ ತೆಗೆಯಿರಿ, ಹೆಡ್ ಕಳಚಿ, ಕೊಳವೆಯೊಳಗಿನ ತುಕ್ಕು ಮತ್ತು ಹಳೇ ಅಂಟನ್ನು ಕೆರೆದು ಹಾಕಿ. ಶಾಫ್ಟಿನ ಮೊನೆಗೆ ತೆಳ್ಳನೆಯ ಹತ್ತಿದಾರ ಒಂದೇ ಪದರ ಸುತ್ತಿ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ ಒಳಗೆ ಕೂರಿಸಿ. ಮೊಳೆಯ ತೂತುಗಳು ಎದುರುಬದುರು ಬಂದಿವೆಯೇ ಎಂದು ಆಗಲೇ ನೋಡಿಕೊಳ್ಳಿ, ಅಂಟು ಹಿಡಿದ ಮೇಲೆ ಮೂತಿ ಓರೆಯಾದರೆ ಮತ್ತೆ ಬಿಚ್ಚಬೇಕಾಗುತ್ತದೆ. 24 ಗಂಟೆ ಮುಟ್ಟದೆ ಬಿಟ್ಟು, ಆಮೇಲೆ ಮೊಳೆ ಹೊಡೆಯಿರಿ. ಹೆಡ್ಡನ್ನು ನೀರಲ್ಲಿ ನೆನೆಹಾಕಿದರೆ ಮರ ಉಬ್ಬಿ ಬಿಗಿಯಾಗುತ್ತದೆ ಎಂಬ ಹಳೇ ಉಪಾಯವನ್ನು ಮಾತ್ರ ಮಾಡಬೇಡಿ. ಒಣಗಿದಾಗ ಮರ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ, ಕಬ್ಬಿಣದೊಳಗೆ ತುಕ್ಕೂ ಏರುತ್ತದೆ. ಸ್ಕಾಟ್ಲೆಂಡಿನ ತೇವದ ಗಾಳಿಯಲ್ಲಿ ಬಾಳಿದ ಕ್ಲಬ್ ಬೆಂಗಳೂರಿಗೆ ಬಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲಿ ಈ ಟಿಕ್ ಬೇಗ ಶುರುವಾಗುತ್ತದೆ. ಅದಕ್ಕೇ ಶಾಫ್ಟಿಗೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಹೆಚ್ಚಾದದ್ದನ್ನು ಅರ್ಧ ಗಂಟೆಯೊಳಗೆ ಒಣಬಟ್ಟೆಯಿಂದ ತೆಗೆದುಬಿಡಬೇಕು.

ದೂರದ ಹೊಡೆತಕ್ಕೆ ಬಳಸುವ ಮರದ ಹೆಡ್ಡಿನ ಡ್ರೈವರ್, ಬ್ರಾಸಿಗಳಲ್ಲಿ ಗಟ್ಟಿ ಚೆಂಡು ಮೂತಿಯನ್ನೇ ತಗ್ಗು ಮಾಡುತ್ತದೆ. ಇದು ಹೊಸ ಪಾಡೂ ಅಲ್ಲ. 1848ರ ಸುಮಾರಿಗೆ ಗರಿ ತುಂಬಿದ ಚೆಂಡು ಹೋಗಿ ಗಟಾಪರ್ಚಾ ಎಂಬ ಮರದ ಹಾಲಿನ ಗಟ್ಟಿ ಚೆಂಡು ಬಂದಾಗಲೂ ಮರದ ಮೂತಿಗಳು ತಡೆಯಲಿಲ್ಲ, ಕುಶಲಿಗಳು ಅವುಗಳಿಗೆ ಚರ್ಮದ ತುಂಡು ಕೂರಿಸತೊಡಗಿದರು.

ಮೆತ್ತನೆ ಚೆಂಡಿಗೂ ಒಂದು ಕೊರತೆ ಇದೆ. ಅದರ ಅಯನೊಮರ್ ಎಂಬ ಪ್ಲಾಸ್ಟಿಕ್ ಹೊದಿಕೆ ಜಾರು, ಹಳೇ ಐರನ್‌ಗಳ (ಲೋಹದ ಹೆಡ್ಡಿನ ಕ್ಲಬ್ಬುಗಳ) ಮೂತಿಯಲ್ಲಿ ಆಳವಾದ ಗೆರೆಗಳ ಬದಲು ಬರೀ ಚುಕ್ಕೆಗಳಿರುವುದೂ ಉಂಟು. ಹಾಗಾಗಿ ಚೆಂಡು ನಿಲ್ಲುವುದಿಲ್ಲ. ನಡುದೂರದ ಹಳೇ ಐರನ್ ಆದ ಮ್ಯಾಶಿಯಿಂದ ಹೊಡೆಯುವಾಗ ಧ್ವಜಕ್ಕಿಂತ 10–15 ಗಜ ಮೊದಲೇ ಬೀಳಿಸಿ ಓಡಲು ಬಿಡಿ. ಸ್ಕಾಟ್ಲೆಂಡಿನ ಮಸಲ್‌ಬರದಂಥ ಗಟ್ಟಿ ಲಿಂಕ್ಸ್ (ಕಡಲತೀರದ ಗಾಲ್ಫ್ ಮೈದಾನ) ನೆಲದಲ್ಲಿ ಇದೇ ಸಹಜ ಆಟ. ಮಳೆಗಾಲದ ಮೆದು ಗ್ರೀನ್‌ಗಳಲ್ಲಿ ಓಟ ಕಡಿಮೆ, ಐದು ಗಜ ಸಾಕು. ಪಟ್ ಮಾಡುವಾಗ, ಅಂದರೆ ಚೆಂಡನ್ನು ರಂಧ್ರದ ಕಡೆ ಉರುಳಿಸುವಾಗ, ಪಟರಿನ ತೆಳು ಬ್ಲೇಡಿಗೆ ಚೆಂಡು ಮಂಕಾಗಿ ತಾಗುತ್ತದೆ, ಮೊದಲ ದಿನ ಎಲ್ಲ ಪಟ್ಟುಗಳೂ ಗಿಡ್ಡವಾಗುತ್ತವೆ.

ಜಾಲರಿ ಗೆರೆಯ ಹಳೇ ಮಾದರಿಯ ಹೊಸ ಚೆಂಡುಗಳು ನೋಡಲು ಬಲು ಚಂದ. ಹೊರ ವಿನ್ಯಾಸ ಒಂದೇ ಆದರೂ ಒಳತಿರುಳು ತಯಾರಕರಿಂದ ತಯಾರಕರಿಗೆ ಬೇರೆ, ಮೆತ್ತನೆಯದೇ ಎಂದು ಖಚಿತ ಮಾಡಿಕೊಂಡೇ ಕೊಳ್ಳಿ. ಬೆಲೆ ಜಾಸ್ತಿ, ಸ್ಪರ್ಧೆಯ ದಿನಕ್ಕೆ ಎರಡು ಇದ್ದರೆ ಸಾಕು.

1.62 ಇಂಚು ವ್ಯಾಸದ, ಈಗಿನದಕ್ಕಿಂತ ಚಿಕ್ಕ ಹಳೇ ಬ್ರಿಟಿಷ್ ಚೆಂಡು ಎದುರುಗಾಳಿಗೆ ಒಳ್ಳೆಯದಿತ್ತು. 1990ರಿಂದ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಉಳಿದಿರುವುದೂ ಮುದಿ ಸರಕು. ರಬ್ಬರ್ ದಾರ ಸುತ್ತಿದ ನಿಜವಾದ ಹಳೇ ಚೆಂಡನ್ನು ಹೊಡೆಯಲೇಬೇಡಿ, ಒಳಗಿನ ದಾರ ಸತ್ತಿರುತ್ತದೆ.

ವಾರಕ್ಕೊಮ್ಮೆ ಆಡುವವರಿಗೆ, ಶಾಫ್ಟ್ ಬದಲಿಸುವ ಕುಶಲಿ ಊರಲ್ಲಿ ಸಿಗದವರಿಗೆ, ನನ್ನ ಆಯ್ಕೆ ಸೂಪರ್‌ಸಾಫ್ಟ್. ಟೂರ್ ಚೆಂಡಿನ ಸುಮಾರು ಅರ್ಧ ಬೆಲೆಗೆ ಡಜನ್ ಬರುತ್ತದೆ. ಚಳಿಯ ಬೆಳಗುಗಳಲ್ಲಿ ಎಲ್ಲ ಚೆಂಡೂ ಬಿರುಸಾಗುತ್ತವೆ, ಆಗ ಒಂದನ್ನು ಜೇಬಿನಲ್ಲಿ ಬೆಚ್ಚಗಿಟ್ಟು, ರಂಧ್ರಕ್ಕೊಂದರಂತೆ ಅದಲುಬದಲು ಮಾಡಿ ಆಡಿ. ಚೆಂಡು ಕೂರಿಸುವ ಟೀ ತಗ್ಗಾಗಿರಲಿ, ಹಳೇ ಡ್ರೈವರಿನ ಮೂತಿ ಗಿಡ್ಡ.