ವಿಸ್ಫಿಯರ್‌ನ 768 ವರ್ಚುವಲ್ ಪ್ರೊಸೆಸರ್‌ಗಳು: ಯಾರಿಗೆ ಬೇಕು, ಯಾರಿಗೆ ಬೇಡ

ಒಂದೇ ಸರ್ವರ್ ಮೇಲೆ ಹಲವು ವರ್ಚುವಲ್ ಮಷೀನ್‌ಗಳನ್ನು, ಅಂದರೆ ತಂತ್ರಾಂಶದಿಂದ ರಚಿಸಿದ ಕಂಪ್ಯೂಟರ್‌ಗಳನ್ನು, ನಡೆಸುವ ವಿಎಂವೇರ್ ವಿಸ್ಫಿಯರ್‌ನಲ್ಲಿ ಅಂಥ ಒಂದು ಮಷೀನ್‌ಗೆ ಕೊಡಬಹುದಾದ ಪ್ರೊಸೆಸರ್‌ಗಳ ಮಿತಿ 2011ರ 5.0 ಆವೃತ್ತಿಯಲ್ಲಿ 32 ಇತ್ತು; 2015ರ 6.0ರಲ್ಲಿ ಅದು 128 ಆಯಿತು, 2020ರ 7.0 ಅಪ್‌ಡೇಟ್ 1ರಲ್ಲಿ 768ಕ್ಕೆ ಏರಿತು. ಇಡೀ ಡೇಟಾಬೇಸನ್ನು ಮೆಮೊರಿಯಲ್ಲೇ ಇಟ್ಟು ನಡೆಸುವ ಎಸ್‌ಎಪಿ ಹಾನಾದಂಥ ತಂತ್ರಾಂಶಗಳಿಗೆ ಈ ಏರಿಕೆ ನಿಜಕ್ಕೂ ಉಪಯುಕ್ತ. ಉಳಿದ ಬಹುಪಾಲು ಬಳಕೆದಾರರಿಗೆ ಇದು ಜಾಹೀರಾತಿನ ಅಂಕಿ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಎಂಜಿನಿಯರಿಂಗ್ ದೃಷ್ಟಿಯಿಂದ ಈ ಕೆಲಸ ಮೆಚ್ಚತಕ್ಕದ್ದು. ಇಂಟರಪ್ಟ್‌ಗಳನ್ನು, ಅಂದರೆ ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತಗಳನ್ನು, ನಿರ್ವಹಿಸುವ ಹಳೆಯ ಎಕ್ಸ್‌ಎಪಿಕ್ ವ್ಯವಸ್ಥೆಯಲ್ಲಿ ಪ್ರತಿ ಪ್ರೊಸೆಸರ್‌ನ ಗುರುತಿನ ಸಂಖ್ಯೆಗೆ ಎಂಟೇ ಬಿಟ್‌ಗಳಿದ್ದುದರಿಂದ 255ರ ಆಚೆಗೆ ಹೋಗಲು ದಾರಿಯೇ ಇರಲಿಲ್ಲ. ಅದರ ಮುಂದಿನ ರೂಪವಾದ ಎಕ್ಸ್2ಎಪಿಕ್ ಆ ಸಂಖ್ಯೆಯನ್ನು 32 ಬಿಟ್‌ಗಳಿಗೆ ಹಿಗ್ಗಿಸಿದ ಮೇಲೂ ಇಂಟರಪ್ಟ್‌ಗಳನ್ನು ಸರಿಯಾದ ಪ್ರೊಸೆಸರ್‌ಗೆ ತಲುಪಿಸಲು ಸಾಧನಗಳ ಮೆಮೊರಿ ಬಳಕೆಯನ್ನೂ ಇಂಟರಪ್ಟ್‌ಗಳನ್ನೂ ನಿಯಂತ್ರಿಸುವ ಘಟಕವಾದ ವರ್ಚುವಲ್ ಐಒಎಂಎಂಯು ಬೇಕಾಗುತ್ತದೆ. ಆದ್ದರಿಂದಲೇ ದೊಡ್ಡ ಮಷೀನ್‌ಗಳಿಗೆ ಮಷೀನನ್ನು ಆರಂಭಿಸುವ ಫರ್ಮ್‌ವೇರ್ ಆಗಿ ಇಎಫ್‌ಐ ಆರಿಸಿ, ಐಒಎಂಎಂಯು ಸಕ್ರಿಯಗೊಳಿಸಿ, ಮಷೀನ್‌ನ ವರ್ಚುವಲ್ ಹಾರ್ಡ್‌ವೇರ್ ಆವೃತ್ತಿಯನ್ನು 18ಕ್ಕೆ ಏರಿಸಬೇಕು. ಹಾಗೆ ಏರಿಸಲು ಮಷೀನನ್ನು ಪೂರ್ತಿ ಆಫ್ ಮಾಡಬೇಕಾಗುತ್ತದೆ, ಆಮೇಲೆ ಅದು ಹಳೆಯ ವಿಸ್ಫಿಯರ್ ಇರುವ ಹೋಸ್ಟ್‌ಗಳ (ಮಷೀನ್‌ಗಳನ್ನು ನಡೆಸುವ ಭೌತಿಕ ಸರ್ವರ್‌ಗಳ) ಮೇಲೆ ಓಡುವುದಿಲ್ಲ. ಹೋಸ್ಟ್‌ಗಳ ಗುಂಪಾದ ಕ್ಲಸ್ಟರ್‌ನಲ್ಲಿ ಹಳೆಯ, ಹೊಸ ಆವೃತ್ತಿಗಳ ಹೋಸ್ಟ್‌ಗಳು ಬೆರೆತಿದ್ದರೆ ಇದನ್ನು ಮೊದಲೇ ಯೋಚಿಸಿರಬೇಕು.

ಹೋಸ್ಟ್‌ನಲ್ಲಿರುವ ಲಾಜಿಕಲ್ ಪ್ರೊಸೆಸರ್‌ಗಳಿಗಿಂತ (ಕೋರ್‌ಗಳು ಅಥವಾ ಅವುಗಳ ಥ್ರೆಡ್‌ಗಳು) ಹೆಚ್ಚು ವರ್ಚುವಲ್ ಪ್ರೊಸೆಸರ್ ಕೊಟ್ಟ ಮಷೀನ್ ಆನ್ ಆಗುವುದೇ ಇಲ್ಲ.

ನಿಜವಾದ ಪರೀಕ್ಷೆ ನ್ಯೂಮಾ, ಅಂದರೆ ಪ್ರೊಸೆಸರ್‌ಗಳೂ ಮೆಮೊರಿಯೂ ನೋಡ್‌ಗಳೆಂಬ ಗುಂಪುಗಳಲ್ಲಿದ್ದು ತನ್ನ ನೋಡ್‌ನ ಮೆಮೊರಿ ಬೇಗ ಸಿಗುವ ರಚನೆಯ, ವಿಷಯದಲ್ಲಿದೆ. ಒಂಬತ್ತು ಅಥವಾ ಹೆಚ್ಚು ಪ್ರೊಸೆಸರ್‌ಗಳಿರುವ ಮಷೀನ್‌ಗೆ ವಿಸ್ಫಿಯರ್ ತಾನಾಗಿಯೇ ವರ್ಚುವಲ್ ನ್ಯೂಮಾ ರಚನೆಯನ್ನು ತೋರಿಸುತ್ತದೆ. ಮಷೀನ್‌ನೊಳಗೆ ಓಡುವ ಅತಿಥಿ ಆಪರೇಟಿಂಗ್ ಸಿಸ್ಟಂ ಅದನ್ನು ನೋಡಿ ಮೆಮೊರಿಯನ್ನು ಹತ್ತಿರದ ನೋಡ್‌ನಿಂದ ಪಡೆಯಲು ಪ್ರಯತ್ನಿಸುತ್ತದೆ. ಆದರೆ ಓಡುತ್ತಿರುವಾಗಲೇ ಪ್ರೊಸೆಸರ್ ಸೇರಿಸುವ ಹಾಟ್ ಆ್ಯಡ್ ಸೌಲಭ್ಯವನ್ನು 7.0ರಲ್ಲಿ ಆನ್ ಮಾಡಿದರೆ ಈ ರಚನೆ ಮರೆಯಾಗುತ್ತದೆ. ಅನುಕೂಲಕ್ಕೆಂದು ಹಾಕಿದ ಒಂದು ಟಿಕ್ ಇಷ್ಟು ದೊಡ್ಡ ಮಷೀನ್‌ನ ವೇಗವನ್ನೇ ಕಸಿಯಬಲ್ಲದಾದರೂ, ಸೆಟ್ಟಿಂಗ್ ಪುಟದಲ್ಲಿ ಅದಕ್ಕೆ ಸಿಗುವ ಜಾಗ ತೀರ ಚಿಕ್ಕದು.

ಎಂಟು ಪ್ರೊಸೆಸರ್ ಸಾಲುವ ಕೆಲಸಕ್ಕೆ ಅರವತ್ತು ಕೊಡುವುದು ಅದೇ ಹೋಸ್ಟ್‌ನ ಇತರ ಮಷೀನ್‌ಗಳಿಗೂ ಹೊರೆ. ಪ್ರೊಸೆಸರ್ ಸಂಖ್ಯೆ ಏರಿಸುವ ಮುನ್ನ ಹೋಸ್ಟ್‌ನ ಬಳಕೆಯನ್ನು ತೋರಿಸುವ ಇಎಸ್‌ಎಕ್ಸ್‌ಟಾಪ್‌ ಸಾಧನದಲ್ಲಿ ರೆಡಿ (ಓಡಲು ಸಿದ್ಧವಿದ್ದೂ ಭೌತಿಕ ಪ್ರೊಸೆಸರ್‌ಗಾಗಿ ಕಾದ ಸಮಯ) ಮತ್ತು ಕೋ-ಸ್ಟಾಪ್ (ಅದೇ ಮಷೀನ್‌ನ ಇತರ ಪ್ರೊಸೆಸರ್‌ಗಳಿಗಾಗಿ ನಿಂತ ಸಮಯ) ಶೇಕಡಾವಾರುಗಳನ್ನು ನೋಡಬೇಕು. ಅವು ಈಗಾಗಲೇ ಏರಿದ್ದರೆ ಇನ್ನಷ್ಟು ಪ್ರೊಸೆಸರ್ ಸೇರಿಸುವುದರಿಂದ ಕಾಯುವಿಕೆ ಹೆಚ್ಚುತ್ತದೆ. ಪ್ರೊಸೆಸರ್ ಲೆಕ್ಕದಲ್ಲಿ ಲೈಸೆನ್ಸ್ ಕೊಡುವ ಡೇಟಾಬೇಸ್‌ಗಳಾದರಂತೂ ಬಳಕೆಯಾಗದ ಪ್ರೊಸೆಸರ್‌ಗಳಿಗೂ ಹಣ ತೆರಬೇಕಾದೀತು.